ಮೇಲಕ್ಕೊಂದು ಕಷಾಯ

ದೆವ್ವ, ಅಶರೀರವಾಣಿ, ಸತ್ತವರು ಕನಸಿನಲ್ಲಿ ಬಂದು ಹೇಳಿದ ಮಾತು, ಇವನ್ನೆಲ್ಲ ನಂಬುವವರನ್ನು ಕಂಡರೆ ನನಗೆ ನಗು ಬರುತ್ತಿತ್ತು. ಹೋಟೆಲ್ ನಡೆಸುವವನಿಗೆ ಬೆಳಗಿನ ಹಿಟ್ಟು ಹುಳಿ ಬಂತೋ ಇಲ್ಲವೋ ಎಂಬುದೇ ದೊಡ್ಡ ರಹಸ್ಯ. ಈಗ ಹೇಳಹೊರಟಿರುವುದನ್ನು ನೀವು ನಂಬದಿದ್ದರೆ ನನಗೆ ಬೇಸರವಿಲ್ಲ. ಬೇರೆ ಯಾರಾದರೂ ಹೇಳಿದ್ದರೆ ನಾನೂ ನಂಬುತ್ತಿರಲಿಲ್ಲ.

ಪುಣೆಯ ಸ್ವಾರಗೇಟಿನ ಹಿಂದಿನ ಗಲ್ಲಿಯಲ್ಲಿ ನಮ್ಮ ಹೋಟೆಲು. ಉಡುಪಿ ಕಡೆಯಿಂದ ಬಂದ ಅಪ್ಪ ಶುರು ಮಾಡಿದ್ದು. ಕೆಳಗೆ ಹೋಟೆಲು, ಮೇಲೆ ಮನೆ. ನನಗಿರುವ ಒಂದೇ ಚಟವೆಂದರೆ ಹಳೆಯ ಎಲ್ಪಿ ರೆಕಾರ್ಡು. ಅದೂ ಎಲ್ಲರ ಬಾಯಲ್ಲಿರುವ ಸಿನಿಮಾ ಹಾಡುಗಳದ್ದಲ್ಲ. ಯಾರೋ ನಾಲ್ಕು ಜನ ಉದ್ದ ಕೂದಲಿನವರು ಸೇರಿ ಒಂದೇ ಒಂದು ರೆಕಾರ್ಡು ಮಾಡಿ ಆಮೇಲೆ ಹೇಳಹೆಸರಿಲ್ಲದೆ ಹೋದಂಥವು. ಜನಪದ ಹಾಡಿಗೆ ಗಿಟಾರು ಕೂಡಿಸಿದ್ದು, ಒಂದು ಬದಿ ಪೂರ್ತಿ ಒಂದೇ ಹಾಡು ಸಾಗುವ ಪ್ರಾಗ್ ರಾಕ್, ತಲೆ ಗಿರ್ರೆನ್ನಿಸುವ ಸೈಕೆಡೆಲಿಕ್, ಯಾವುದಾದರೂ ಸರಿ. ರುಬ್ಬುವ ಮಶೀನು ಕೆಟ್ಟು ಕೂತಿದ್ದಾಗಲೂ ನಾನು ಹಳೆ ಸಾಮಾನು ಮಾರುವ ಜೂನಾ ಬಜಾರಿನಿಂದ ರೆಕಾರ್ಡು ಹೊತ್ತು ತಂದರೆ ಅಮ್ಮ, ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂದು ಗೊಣಗುತ್ತಿದ್ದಳು.

ಕೆಲವು ವರ್ಷಗಳ ಹಿಂದೆ ಅದೇ ಬಜಾರಿನಲ್ಲಿ, ಹಳೆ ನಲ್ಲಿ, ಬೀಗಗಳ ರಾಶಿಯ ಪಕ್ಕ ಒಂದು ರೆಕಾರ್ಡು ಸಿಕ್ಕಿತು. ಕವರಿನ ಬಣ್ಣ ಹೋಗಿತ್ತು, ನಡುವಿನ ಲೇಬಲ್ಲು ಹರಿದಿತ್ತು. ಮಧ್ಯಾಹ್ನ ಊಟದ ಗಿರಾಕಿಗಳು ಕರಗಿದ ಮೇಲೆ ಮನೆಗೆ ಹೋಗಿ ಹಾಕಿದೆ. ಕೊಳಲು, ಗಿಟಾರು, ಆಮೇಲೆ ಬೀದಿಯ ಸದ್ದು. ಸೈಕಲ್ ಗಂಟೆ, ಪಾತ್ರೆಯ ಸಪ್ಪಳ. ಇಂಥದ್ದನ್ನು ಹಾಡಿನ ನಡುವೆ ಸೇರಿಸುವುದು ಆ ಕಾಲದವರ ಶೋಕಿ. ಅಷ್ಟರಲ್ಲಿ ಗಂಡು ದನಿಯೊಂದು ರಾಗವಾಗಿ ಕೂಗಿತು: "ದೋ ಸಾದಾ, ಏಕ್ ಮಸಾಲಾ, ಮೇಲಕ್ಕೊಂದು ಕಷಾಯ."

ಟೇಬಲ್ಲಿನ ಹತ್ತಿರ ನಿಂತೇ ಅಡುಗೆಮನೆಗೆ ಆರ್ಡರು ಕೂಗುವುದು ಆಗಿನ ಹೋಟೆಲುಗಳ ರೂಢಿ. ಆದರೆ ಗಿರಾಕಿಗಳ ಆರ್ಡರಿನ ಕೊನೆಗೆ ಮಹಡಿಯ ಮೇಲಿದ್ದ ಹೆಂಡತಿಗೊಂದು ಕಷಾಯ ಸೇರಿಸುತ್ತಿದ್ದವರು ನನ್ನ ಅಪ್ಪ. ಅವರು ತೀರಿಕೊಂಡಾಗ ನಾನು ಚಿಕ್ಕವನು. ಫೋಟೋ ಇದೆ, ದನಿ ಎಲ್ಲೂ ಇಲ್ಲ. ಎಷ್ಟು ನೆನೆಸಿಕೊಂಡರೂ ಅದು ನನಗೆ ನೆನಪಾಗುತ್ತಿರಲಿಲ್ಲ. ಆ ಸಂಕಟವನ್ನು ಯಾರ ಹತ್ತಿರವೂ ಹೇಳಿಕೊಂಡವನಲ್ಲ. ಮರೆತೇಹೋದ ದನಿಯನ್ನು ಕೇಳಿದೊಡನೆ ಅವರದೇ ಎಂದು ಹೇಗೆ ಗುರುತಿಸಿದೆನೋ, ಅದೂ ಗೊತ್ತಿಲ್ಲ.

ಮುಳ್ಳನ್ನು ಹಿಂದಕ್ಕೆ ಇಟ್ಟೆ. ಕೊಳಲು, ಗಿಟಾರು, ಸೈಕಲ್ ಗಂಟೆ ಬಂದವು. ದನಿ ಬರಲಿಲ್ಲ. ದಿನಾ ಹಾಕಿದೆ. ಬರಲೇ ಇಲ್ಲ.

ನಮ್ಮಲ್ಲಿ ತಿಂಡಿಗೆ ಬರುವ ನವೀನ ಎಂಬ ಬೆಂಗಳೂರಿನ ಇಂಜಿನಿಯರ್ ಕೂಡ ನನ್ನಂತೆಯೇ ರೆಕಾರ್ಡಿನ ಹುಚ್ಚ. ಕೆಲವು ರೆಕಾರ್ಡುಗಳಲ್ಲಿ ಒಂದರ ಪಕ್ಕ ಒಂದು ಎರಡು ಗೆರೆ ಕೊರೆದಿರುತ್ತಾರೆ, ಮುಳ್ಳು ಯಾವುದರಲ್ಲಿ ಬಿತ್ತೋ ಆ ಸದ್ದು ಕೇಳುತ್ತದೆ ಎಂದು ಅವನು ಹೇಳಿದ. ನನಗೆ ಹೋದ ಜೀವ ಬಂದಂತಾಯಿತು. ಹಾಗಿದ್ದರೆ ಅಪ್ಪ ಅದರೊಳಗೇ ಇದ್ದಾರೆ, ಹುಡುಕಿದರೆ ಸಿಗುತ್ತಾರೆ.

ಒಂದು ಮಧ್ಯಾಹ್ನ ಹಾಗೆಯೇ ಹುಡುಕುತ್ತ ಕೂತಿದ್ದೆ. ಅಮ್ಮ ಕಿಟಕಿಯ ಬಳಿ ಬೀನ್ಸಿನ ನಾರು ತೆಗೆಯುತ್ತಿದ್ದಳು. ಅವಳ ಬುದ್ಧಿ ಚುರುಕು, ಕಿವಿ ಮಾತ್ರ ಮಂದ. ಕುಕ್ಕರಿನ ಸೀಟಿಯೂ ಕೇಳುತ್ತಿರಲಿಲ್ಲ. ದನಿಯ ವಿಷಯ ಅವಳಿಗೆ ಹೇಳಿರಲಿಲ್ಲ. ಸಿಕ್ಕಿದ ಮೇಲೆ ಕೇಳಿಸಿದರಾಯಿತು ಎಂದುಕೊಂಡಿದ್ದೆ. ರೆಕಾರ್ಡಿನಿಂದ ನನಗೆ ಕೇಳುತ್ತಿದ್ದದ್ದು ಬರಿಯ ಕೊಳಲು. ಅಮ್ಮ ಕೆಲಸ ಬಿಟ್ಟು ತಲೆಯೆತ್ತಿದಳು. ಅವಳ ಮುಖದಲ್ಲಿ ನಾನು ಎಂದೂ ಕಾಣದ ನಾಚಿಕೆಯಿತ್ತು.

"ನಂಗೆ ಈಗ ಕಷಾಯ ಬೇಡ ಅಂತ ಹೇಳು ಮಗಾ," ಎಂದಳು. "ಎರಡು ಸಾದಾ, ಒಂದು ಮಸಾಲೆ ಹೇಳಿ ಆಯ್ತಲ್ಲ. ಅದರ ಒಟ್ಟಿಗೆ ನಂದೆಂತಕ್ಕೆ?"

ಇಬ್ಬರೂ ಕೂತಿದ್ದದ್ದು ಒಂದೇ ಕೋಣೆಯಲ್ಲಿ, ರೆಕಾರ್ಡು ತಿರುಗುತ್ತಿದ್ದದ್ದು ಒಂದೇ ಮುಳ್ಳಿನ ಕೆಳಗೆ. ನವೀನನ ಎರಡು ಗೆರೆಯ ಮಾತು ಇಲ್ಲಿ ಹೊಂದುವುದಿಲ್ಲ. ಸ್ಪೀಕರಿಗೆ ಕಿವಿ ಹಚ್ಚಿದೆ. ಕೊಳಲೇ. ನನಗೆ ಅಳು ಬಂತು. ಹೆತ್ತ ತಾಯಿಯ ಮೇಲೆ ಹೊಟ್ಟೆಕಿಚ್ಚೂ ಬಂತು.

ಅಮ್ಮ ನನ್ನ ಕಡೆ ತಿರುಗಿದಳು.

"ಅಲ್ಲ, ನಿನ್ನನ್ನೂ ಕರೀತಾ ಇದ್ದಾರಲ್ಲ, ಕೈ ತೊಳ್ಕೊಂಡು ಊಟಕ್ಕೆ ಬಾ ಅಂತ. ಆಗಿಂದ ಕರೀತಾ ಇದ್ದಾರೆ. ನಿಂಗೆ ಕೇಳೂದಿಲ್ವಾ?"

ಹಾಡು ಮುಗಿದು ಮುಳ್ಳು ಕೊನೆಯ ಗೆರೆಯಲ್ಲಿ ಸುತ್ತತೊಡಗಿತು. ಯಾಕೆ ಎಂದು ಕೇಳಬೇಡಿ, ನಾನು ಎದ್ದು ಹೋಗಿ ಕೈ ತೊಳೆದುಕೊಂಡೆ. ಒದ್ದೆ ಕೈಯಲ್ಲೇ ಮೆಟ್ಟಿಲವರೆಗೆ ಬಂದು ನಿಂತೆ. ಆಮೇಲೆ ಎಲ್ಲಿಗೆ ಹೋಗಬೇಕೆಂದು ತಿಳಿಯಲಿಲ್ಲ.