ಸಾತವ್ವ ನೋಡಿದ ಹಿನ್ನೀರು

ಜಮಖಂಡಿ ಡಿಪೋದ ಕಂಡಕ್ಟರ್ ಅಂದಾನೆಪ್ಪ ಅರ್ಧ ಆಯುಷ್ಯ ಬಸ್ಸಿನಲ್ಲೇ ಕಳೆದಿದ್ದರೂ ಎಲ್ಲಿಗೂ ಹೋದವನಲ್ಲ. ಮುಧೋಳ, ಲೋಕಾಪುರ, ಬೀಳಗಿ. ಮತ್ತೆ ಬೀಳಗಿ, ಲೋಕಾಪುರ, ಮುಧೋಳ. ಅಂಥವನು ೨೦೧೧ರ ಚಳಿಗಾಲದಲ್ಲಿ ಬೆನ್ನಿಗೊಂದು ಚೀಲ ಏರಿಸಿ, ಹೆಂಡತಿ ಸಾತವ್ವನ ಬೆನ್ನಿಗೂ ಒಂದು ಏರಿಸಿ ಕೇರಳಕ್ಕೆ ಹೊರಟರೆ ಬಸ್ ಸ್ಟ್ಯಾಂಡಿನವರು ಸುಮ್ಮನಿರುತ್ತಾರೆಯೇ? "ಏನ್ ಅಂದಾನೆಪ್ಪಣ್ಣ, ಗಂಡ ಹೆಂಡ್ತಿ ಕೂಡೇ ಸಾಲಿಗೆ ಹೊಂಟೀರೇನು?" ಎಂದು ಡ್ರೈವರ್ ಒಬ್ಬ ಕೂಗಿದ. ಎಲ್ಲರೂ ನಕ್ಕರು, ಸಾತವ್ವ ಮಾತ್ರ ನಗಲಿಲ್ಲ.

ಅವಳು ನಗದೆ ಹತ್ತು ವರ್ಷವಾಗಿತ್ತು. ಬೀಳಗಿ ತಾಲೂಕಿನಲ್ಲಿ ಹೊಳೆದಂಡೆಗಿದ್ದ ಅವರ ಊರು ಈಗ ನೀರಿನ ತಳದಲ್ಲಿದೆ. ಹಿಂದೆಲ್ಲ ಹೊಳೆ ಏರಿ ಬೀರೇಶ್ವರ ಗುಡಿಯ ಮೆಟ್ಟಿಲಿಗೆ ಬಂತೆಂದರೆ ಹೆಂಗಸರು ಹೋಗಿ ಗಂಗವ್ವನಿಗೆ ಉಡಿ ತುಂಬುತ್ತಿದ್ದರು: ಜೋಳ, ತೆಂಗಿನಕಾಯಿ, ಎಲೆ ಅಡಿಕೆ, ಮೇಲೊಂದು ಹೊಸ ಕುಪ್ಪಸದ ಖಣ. ನಾಲ್ಕು ದಿನಕ್ಕೆ ಹೊಳೆ ಇಳಿಯುತ್ತಿತ್ತು. ಕೆಳಗೆ ಹೊಳೆಗೆ ಕಟ್ಟಿದ ಆಣೆಕಟ್ಟಿನ ಹಿನ್ನೀರು ಏರಿ ಬಂದ ವರ್ಷವೂ ಹಾಗೇ ತುಂಬಿದರು. ಆ ಸಲ ಸರದಿ ಸಾತವ್ವನದು. ಮನೆಯಲ್ಲಿ ಹೊಸ ಖಣವಿರಲಿಲ್ಲ. ಯಾರೋ ಬಸುರಿಯ ಕುಬಸದ ಕಾರ್ಯದಲ್ಲಿ ತನ್ನ ಉಡಿಗೆ ಬಂದಿದ್ದನ್ನೇ ಹೊಳೆಗೆ ದಾಟಿಸಿದಳು. ನಮ್ಮ ಕಡೆ ಇದೇನು ದೊಡ್ಡ ಸುದ್ದಿಯೇ? ಒಂದು ಖಣ ಹತ್ತು ಉಡಿ ತಿರುಗಿದ ಮೇಲೇ ಹೊಲಿಯುವ ಸಿಂಪಿಗನ ಮುಖ ನೋಡುವುದು. ಆದರೆ ಆ ಸಲ ನೀರು ಇಳಿಯಲಿಲ್ಲ. ಗುಡಿ ಹೋಯಿತು, ಮನೆ ಹೋಯಿತು. ಮಂದಿಯ ಉಡಿಯ ಖಣ ಕೊಟ್ಟು ಗಂಗವ್ವನನ್ನು ಸಿಟ್ಟಿಗೆಬ್ಬಿಸಿದೆ, ಊರು ನನ್ನಿಂದ ಮುಳುಗಿತು ಎಂದು ಸಾತವ್ವ ನಂಬಿಬಿಟ್ಟಳು. ಅದು ಆಣೆಕಟ್ಟಿನ ನೀರು ಎಂದು ಗಂಡ ಎಷ್ಟು ಬಡಕೊಂಡರೂ ಅವಳ ಕಿವಿಗೆ ಬೀಳಲಿಲ್ಲ.

ಅಂದಾನೆಪ್ಪನಿಗೂ ಒಳಗೊಳಗೇ ಒಂದು ಚಿಂತೆಯಿತ್ತು. ದೂರದಲ್ಲಿ ಸರಕಾರ ಕೊಟ್ಟ ಜಾಗ ಬಿಟ್ಟು, ಮುಳುಗದೆ ಉಳಿದಿದ್ದ ಮೇಲಿನ ಹೊಲದಲ್ಲೇ ಹಟ ಹಿಡಿದು ಮನೆ ಕಟ್ಟಿದವನು ಅವನು. "ಇಲ್ಲೀತನಕ ನೀರು ಬಂದ್ರ ನನ್ನ ಹೆಸರು ಬ್ಯಾರೆ ಇಡ್ರಿ" ಎಂದಿದ್ದ. ಈಗ ಆಣೆಕಟ್ಟನ್ನು ಇನ್ನೂ ಎತ್ತರಿಸುವ ಮಾತು ಎದ್ದಿತ್ತು. ಅಳತೆಯವರು ಬಂದು ಅವನ ಹಿತ್ತಲ ಗೋಡೆಗೆ, ಕಿಟಕಿಗಿಂತ ಮೇಲೆ, ನೀರು ಇಲ್ಲಿತನಕ ಬರುತ್ತದೆಂದು ಕೆಂಪು ಗೆರೆ ಎಳೆದು ಹೋಗಿದ್ದರು. ಸಾತವ್ವ ಸಂತೆಯಿಂದ ಬರುವಷ್ಟರಲ್ಲಿ ಅವನು ಅದರ ಮೇಲೆ ಸುಣ್ಣ ಬಳಿದ. ಅಷ್ಟರಲ್ಲಿ ಸಾವಳಗಿಗೆ ಕೊಟ್ಟ ಮಗಳು ರೇಷ್ಮಾ, "ಅವ್ವನ್ನ ಕೇರಳಕ್ಕ ಕರಕೊಂಡ ಹೋಗಪಾ, ನೀರಿನ ದಂಡಿಗೆ ಮಂದಿ ಆರಾಮ ಇರೂದು ನೋಡ್ಲಿ" ಎಂದಳು. ಗೆರೆಯ ಸುದ್ದಿಯನ್ನು ಅಲ್ಲಿಯೇ ಹೇಗಾದರೂ ಹೇಳಿದರಾಯಿತು ಎಂದು ಅವನು ಒಪ್ಪಿದ.

ಕೊಲ್ಲಂ ಹತ್ತಿರ, ಹಿನ್ನೀರಿನ ಪಕ್ಕದ ಒಂದು ಮನೆಯಲ್ಲಿ ಕೋಣೆ ಸಿಕ್ಕಿತು. ಮನೆಯೊಡತಿ ಓಮನ, ಅರೆಬರೆ ಹಿಂದಿ ಬಲ್ಲ ವಿಧವೆ. ಅಡುಗೆಮನೆಯ ಬಾಗಿಲು ತೆರೆದರೆ ಮೆಟ್ಟಿಲು, ಮೆಟ್ಟಿಲಿಗೆ ನೀರು. ಬುಡ ನೀರಿನಲ್ಲಿ ಮುಳುಗಿ ನಿಂತ ತೆಂಗಿನ ಮರಗಳನ್ನು ನೋಡಿದ್ದೇ ಸಾತವ್ವ ಗಂಡನ ತೋಳು ಹಿಡಿದಳು. "ಪಾಪ, ಇವರ ಊರೂ ಮುಳಗಾಕತ್ತೈತ್ರಿ."

ಸಂಜೆಗೆ ನೀರು ಇನ್ನೆರಡು ಮೆಟ್ಟಿಲು ಏರಿತು. ಸಾತವ್ವ ತಡ ಮಾಡಲಿಲ್ಲ, ಓಮನಳ ಕೊಡಪಾನ ಪಾತ್ರೆಗಳನ್ನು ಒಂದೊಂದಾಗಿ ಎತ್ತಿ ಅಟ್ಟದ ಮೇಲಿಡತೊಡಗಿದಳು. ಓಮನ ಬಾಯಿಗೆ ಸೆರಗಿಟ್ಟು ನಕ್ಕಳು. ಆಗ ಸಾತವ್ವ ತನ್ನ ಚೀಲದ ತಳದಿಂದ ಹೊಸ ಗುಳೇದಗುಡ್ಡದ ಖಣ ತೆಗೆದಳು. ಜೋಳವನ್ನೂ ಊರಿನಿಂದಲೇ ಕಟ್ಟಿಕೊಂಡು ಬಂದಿದ್ದಳು! ಮೆಟ್ಟಿಲಲ್ಲಿ ಕೂತು ಆ ಪರದೇಶದ ನೀರಿಗೆ ಉಡಿ ತುಂಬಿದಳು.

ಮುಂಜಾನೆ ನೀರು ಇಳಿದಿತ್ತು. ಮೆಟ್ಟಿಲುಗಳು ಹಸಿಯಾಗಿ ಹೊಳೆಯುತ್ತಿದ್ದವು. ಸಾತವ್ವ ಓಡಿ ಬಂದು ಗಂಡನನ್ನು ಎಬ್ಬಿಸಿದಳು. "ಇಳದೈತ್ರೀ! ಗಂಗವ್ವ ನನ್ನ ಮಾತ ಕೇಳಿದ್ಳು!" ಎಂದು ನಕ್ಕಳು. ಹತ್ತು ವರ್ಷದ ಮೇಲೆ ಆ ನಗೆ. ಹಾಸಿಗೆಯ ಮೇಲೆ ಕೂತು ಒಂದೇ ಉಸುರಿಗೆ ಹೇಳಿದಳು: "ಗ್ವಾಡಿಗೆ ಕೆಂಪ ಗೆರಿ ಎಳದದ್ದು ನಂಗೊತ್ತು. ನೀವು ಬಳದ ಸುಣ್ಣದಾಗ ಅದು ಮುಚ್ಚತೈತೇನು? ಅದಕ್ಕ ಎರಡ ಖಣ ತಂದೇನಿ, ಇನ್ನೊಂದ ಹೊಸಾದ ನಮ್ಮ ಹೊಳಿಗೆ. ಈ ಸಲ ನಮ್ಮ ಮನಿ ಉಳೀತೈತಿ ನೋಡ್ರಿ."

ಇದು ಸಮುದ್ರದ ಉಬ್ಬರವಿಳಿತ, ದಿನಾ ಆಗುವಂಥದ್ದು ಎಂದು ಅಂದಾನೆಪ್ಪನಿಗೆ ಓಮನ ರಾತ್ರಿಯೇ ಹೇಳಿದ್ದಳು. ಹೇಳಬೇಕೆಂದು ಬಾಯಿ ತೆರೆದ, ಹೆಂಡತಿಯ ಮುಖ ನೋಡಿ ಮುಚ್ಚಿದ. ಹೇಡಿ ಅನ್ನಿ ಬೇಕಾದರೆ. ಆ ಒಂದು ಹಗಲು ಅವನಿಗೆ ಬೇಕಾಗಿತ್ತು. ಇಬ್ಬರೂ ಚೀಲ ಬೆನ್ನಿಗೇರಿಸಿ ಕಾಲುವೆಯ ದಂಡೆಗುಂಟ ತಿರುಗಿದರು, ದೋಣಿ ಹತ್ತಿದರು. ಸಣ್ಣ ಕೂಸಿನ ಹಾಗೆ ಸಾತವ್ವ ನೀರಿಗೆ ಕೈ ಅದ್ದಿ ಆಡಿದಳು.

ಸಂಜೆ ಮರಳಿದಾಗ ನೀರು ಮತ್ತೆ ಮೆಟ್ಟಿಲು ಏರುತ್ತಿತ್ತು. ಸಾತವ್ವ ನಿಂತಲ್ಲೇ ನಿಂತಳು. ಓಮನಳತ್ತ ತಿರುಗಿ ಕೈಸನ್ನೆಯಿಂದ ಕೇಳಿದಳು. ಓಮನ ಅಂಗೈಯನ್ನು ಮೇಲೆ ಕೆಳಗೆ, ಮೇಲೆ ಕೆಳಗೆ ಮಾಡಿ ತೋರಿಸಿ, "ರೋಜ್, ರೋಜ್" ಎಂದು, ದಿನಾ ಹೀಗೇ ಎಂಬಂತೆ, ನಕ್ಕು ಒಳಗೆ ಹೋದಳು.

"ಇದು ತಾನಾಗೇ ಏರತೈತಿ, ತಾನಾಗೇ ಇಳೀತೈತಿ. ಹೌದಿಲ್ರೀ?"

"ಹೌದು," ಎಂದ ಅಂದಾನೆಪ್ಪ.

"ಹಂಗಾದ್ರ ಅವತ್ತ ನಾ ಹೊಸಾ ಖಣ ಹಾಕಿದ್ರೂ ನಮ್ಮೂರು ಮುಳಗೂದ ಇತ್ತು."

"ಮತ್ತ? ಹತ್ತ ವರ್ಷದಿಂದ ಅದನ್ನ ಹೇಳಾಕತ್ತೇನಿ. ನಿಂದೇನೂ ತಪ್ಪಿಲ್ಲ ಸಾತವ್ವ." ಅವಳ ಎದೆಯ ಭಾರ ಇಳಿಯಿತೆಂದೇ ಅವನು ತಿಳಿದ, ಪಕ್ಕದಲ್ಲಿ ಕೂತು ಬೆನ್ನ ಮೇಲೆ ಕೈಯಿಟ್ಟ.

"ನನ್ನ ತಪ್ಪ ಇದ್ದಿದ್ರ ಛಲೋ ಇತ್ರೀ," ಎಂದಳು ಸಾತವ್ವ. "ತಪ್ಪಾದ್ರ ತಿದ್ಕೋಬಹುದಿತ್ತು. ಈಗ ಈ ಮನಿ ಉಳಿಸಾಕ ನನ್ನ ಕೈಯಾಗ ಏನೈತಿ?"

ಅವಳು ಎದ್ದು ಒಳಗೆ ಹೋಗಿ ಎರಡೂ ಚೀಲಗಳಿಗೆ ಬಟ್ಟೆ ತುಂಬಿದಳು. ಇನ್ನೂ ಎರಡು ದಿನ ಇರೋಣವೆಂದು ಬಂದಿದ್ದೆವಲ್ಲ ಎಂದು ಅವನು ಕೇಳಿದ.

"ನಡೀರಿ ಊರಿಗೆ," ಎಂದಳು. "ಮನಿ ಇರೂತನಕ ಆದ್ರೂ ಅದರಾಗ ಇರೂಣು."