ಏಳು ದಿನದ ಸಹಿ

ನಮ್ಮ ಬೀದಿಯಲ್ಲಿ ಅವನನ್ನು ಬಗ್ಗಣ್ಣ ಅಂತಲೇ ಕರೆಯುವುದು. ಗ್ಯಾರೇಜಿಗೆ ಯಾವ ಗಾಡಿ ಬರಲಿ, ಮೊದಲು ಮಂಡಿಯೂರಿ ಬಗ್ಗಿ ಅದರ ಹೊಟ್ಟೆಯಡಿ ಟಾರ್ಚ್ ಬಿಟ್ಟು ನೋಡುತ್ತಾನೆ. "ಕೆಟ್ಟಿರೋದು ಹಾರ್ನ್ ಮಾರಾಯ, ಅದು ಮೇಲಿದೆ" ಅಂದರೆ, "ಹಾರ್ನ್ ಇಲ್ದೆ ಯಾರೂ ಸತ್ತಿಲ್ಲ, ನೀನು ಟೀ ಕುಡ್ಕೊಂಡು ಬಾ" ಅನ್ನುತ್ತಾನೆ.

ಹನ್ನೊಂದು ವರ್ಷ ಸೈನ್ಯದಲ್ಲಿ ಲಾರಿ ಓಡಿಸಿದವನು. ಅಲ್ಲಿಂದ ಅವನನ್ನು ಕತ್ತು ಹಿಡಿದು ದಬ್ಬಿದ ಕಥೆ ಬೀದಿಗೆಲ್ಲ ಗೊತ್ತು. ಗೊತ್ತಿರುವುದು ತಪ್ಪು.

ಅಲ್ಲಿ ಪ್ರತಿ ಲಾರಿಗೂ ಒಂದು ತಪಾಸಣೆ ಪುಸ್ತಕ. ದಿನಾ ಬೆಳಿಗ್ಗೆ ಚಾಲಕ ಬ್ರೇಕು, ಆಯಿಲು, ಟೈರು ನೋಡಿ ಸಹಿ ಹಾಕಬೇಕು. ಯಾರೂ ನೋಡುತ್ತಿರಲಿಲ್ಲ. ಸೋಮವಾರ ಹವಾಲ್ದಾರ ಮೇಜಿನ ಮೇಲೆ ಪುಸ್ತಕ ಹರಡಿ "ವಾರದ್ದು ಮುಗಿಸ್ರೋ" ಅಂದರೆ, ಎಲ್ಲರೂ ಬರುವ ಭಾನುವಾರದವರೆಗಿನ ಏಳು ದಿನದ ಸಹಿಯನ್ನು ಒಂದೇ ಉಸಿರಿಗೆ ಗೀಚಿ ಹೋಗುತ್ತಿದ್ದರು. ಮೇಲಿನವರು ಬಂದಾಗ ಪುಸ್ತಕ ತುಂಬಿದ್ದರೆ ಸಾಕು.

ಹಾಗೆ ಗೀಚಿದ ಒಂದು ವಾರ, ಮಂಗಳವಾರವೇ ಬಗ್ಗಣ್ಣ ಜ್ವರ ಹಿಡಿದು ಸೇನಾ ಆಸ್ಪತ್ರೆ ಸೇರಿದ. ಗುರುವಾರ ಅವನ ಲಾರಿಯನ್ನು ಅವನ ಗೆಳೆಯ ಓಡಿಸಿದ. ಇಬ್ಬರೂ ಅಕ್ಕಪಕ್ಕದ ಬೀದಿಯವರು, ಒಂದೇ ದಿನ ಭರ್ತಿಯಾದವರು. ಇಳಿಜಾರಿನಲ್ಲಿ ಬ್ರೇಕ್ ಹಿಡಿಯಲಿಲ್ಲ. ಗೆಳೆಯ ಸತ್ತ.

ಪುಸ್ತಕದಲ್ಲಿ ಗುರುವಾರದ ಸಾಲಿಗೆ "ಬ್ರೇಕ್ ಸರಿಯಿದೆ" ಅಂತ ಬಗ್ಗಣ್ಣನ ಸಹಿ. "ಸೋಮವಾರದ ವಿಷಯ ಬಾಯಿ ಬಿಡಬೇಡ, ವರ್ಗಾವಣೆಯಲ್ಲಿ ಮುಗಿಸ್ತೀನಿ" ಅಂದ ಹವಾಲ್ದಾರ. ಇವನು ನಂಬಿ, ಆಸ್ಪತ್ರೆಯ ಮಾತನ್ನೂ ಎತ್ತದೆ ತೆಪ್ಪಗಿದ್ದ. ಅರ್ಧ ಗಂಟೆಯ ವಿಚಾರಣೆ. ಸೇವಾ ದಾಖಲೆಯಲ್ಲಿ ಬರೆದರು: ಪ್ರಾಣಹಾನಿಗೆ ಕಾರಣವಾದ ನಿರ್ಲಕ್ಷ್ಯ, ವಜಾ. ಹವಾಲ್ದಾರನಿಗೆ ಬಡ್ತಿ ಸಿಕ್ಕಿತು.

ಊರಿಗೆ ಬಂದ ದಿನವೇ ಗೆಳೆಯನ ತಾಯಿಯ ಮನೆಗೆ ಹೋದ. "ನಾನು ಆವತ್ತು ಆಸ್ಪತ್ರೇಲಿದ್ದೆ ಅಮ್ಮ." ಆಕೆ ಕೇಳಿದ್ದು ಒಂದೇ: "ಹಂಗಂತ ಯಾವ ಕಾಗದದಲ್ಲಿ ಬರ್ದಿದೆ?" ಬಾಗಿಲು ಹಾಕಿದಳು. ಆಮೇಲೆ ಹದಿನಾಲ್ಕು ವರ್ಷ, ಇವನು ಆ ಬೀದಿ ಹಾದು ಗ್ಯಾರೇಜಿಗೆ ಹೊರಟ ಹೊತ್ತಿಗೆ ಆ ಬಾಗಿಲು ಹಾಕಿಕೊಳ್ಳುತ್ತಿತ್ತು. ಕೆಲಸ ಹೋದದ್ದನ್ನು ಅವನು ನುಂಗಿಕೊಂಡ. ಆ ಬಾಗಿಲನ್ನು ನುಂಗಿಕೊಳ್ಳಲು ಆಗಲಿಲ್ಲ.

ನಾವು ಸಂಘದವರು ಕೆಲಸ ಕಳೆದುಕೊಂಡವರ ಪರವಾಗಿ ಜಿಲ್ಲಾ ಕಚೇರಿಯೆದುರು ಟೆಂಟ್ ಹಾಕಿ ಕೂತಿದ್ದಾಗ ಬಗ್ಗಣ್ಣ ನಮ್ಮ ವ್ಯಾನು ರಿಪೇರಿಗೆ ಬಂದಿದ್ದ. ಬಗ್ಗಿದವನು ಕೆಳಗಿಂದಲೇ ಕೇಳಿದ: "ನಿಮ್ಮಲ್ಲಿ ಅರ್ಜಿ ಬರೆಯೋರು ಯಾರು?" ಕಥೆ ಕೇಳಿ ನಾನು ನೇರವಾಗಿ ಹೇಳಿದೆ, "ಆಸ್ಪತ್ರೇಲಿದ್ದೆ ಅಂತ ಸಾಬೀತು ಮಾಡಿದ್ರೆ, ಸಹಿ ಸುಳ್ಳು ಅಂತ ನೀನೇ ಒಪ್ಕೊಂಡ ಹಾಗೆ."

"ಸುಳ್ಳೇ ಅಲ್ವಾ?" ಅಂದ.

ಆಸ್ಪತ್ರೆಯ ಚೀಟಿಯನ್ನು ಟ್ರಂಕಿನ ತಳದಲ್ಲಿ ಇಟ್ಟಿದ್ದ. "ಮದುವೆ ಫೋಟೋ ಕಳ್ಕೊಂಡ್ರು, ಜ್ವರದ ಚೀಟಿ ಮಾತ್ರ ಜೋಪಾನ" ಎಂದು ಹೆಂಡತಿ ಚುಚ್ಚಿದಳು. ಸೇವಾ ದಾಖಲೆ ತಿದ್ದಿಕೊಡಿ ಎಂದು ಸೈನ್ಯದ ನ್ಯಾಯಮಂಡಳಿಗೆ ಅರ್ಜಿ ಬರೆದೆ. ಬರೀ ಚೀಟಿ ಸಾಲದು, ಆಸ್ಪತ್ರೆಯ ದಾಖಲೆಯ ನಕಲೇ ಬೇಕು ಅಂದರು. ಅದು ಬರಲು ಎರಡು ವರ್ಷ ಹಿಡಿಯಿತು. ವಿಚಾರಣೆಯಲ್ಲಿ ಮೂವರು ಕೂತಿದ್ದರು, ಮಾತಾಡಿದವನು ಒಬ್ಬ.

"ನೋಡದೆ ಸಹಿ ಹಾಕಿದ್ಯಾ?"

"ಎಲ್ರೂ ಹಾಕ್ತಿದ್ರು ಸಾರ್."

"ಎಲ್ಲರ ವಿಷಯ ಇಲ್ಲಿಲ್ಲ."

ಹೊರಗೆ ಗುಮಾಸ್ತ ಒಂದು ರಿಜಿಸ್ಟರ್ ನೂಕಿದ. "ಆದೇಶದ ಪ್ರತಿ ತಲುಪಿದೆ ಅಂತ ಈಗ್ಲೇ ಒಂದು ಸಹಿ ಹಾಕ್ಬಿಡಿ. ಪ್ರತಿ ಅಂಚೇಲಿ ಬರುತ್ತೆ, ನಿಮಗೂ ಓಡಾಟ ತಪ್ಪುತ್ತೆ."

ಬಗ್ಗಣ್ಣ ಪೆನ್ನನ್ನು ಹಾವಿನ ಮರಿ ನೋಡಿದಂತೆ ನೋಡಿದ. "ಕೈಗೆ ಬಂದ್ಮೇಲೆ ಹಾಕ್ತೀನಿ."

"ಏನ್ರೀ, ಎಲ್ರೂ ಹಾಕ್ತಾರೆ."

"ಆ ಮಾತು ಒಳಗೆ ಹೇಳಿ ನೋಡಿ. ನಾನೂ ಹೇಳ್ದೆ, ನಡೀಲಿಲ್ಲ."

ಒಂಬತ್ತು ದಿನ ಬಸ್ಸು ಹತ್ತಿ ಅಲೆದ. ಹತ್ತನೇ ದಿನ ಪ್ರತಿ ಸಿಕ್ಕಿತು. ಓದಿ, ತಾರೀಕು, ಗಂಟೆ, ನಿಮಿಷ ಬರೆದು ಸಹಿ ಮಾಡಿದ. ಅದರಲ್ಲಿದ್ದದ್ದು ಇಷ್ಟು: ಅಂದು ಅರ್ಜಿದಾರ ಆಸ್ಪತ್ರೆಯಲ್ಲಿದ್ದದ್ದು ನಿಜ. "ಪ್ರಾಣಹಾನಿಗೆ ಕಾರಣವಾದ ನಿರ್ಲಕ್ಷ್ಯ" ಎಂಬುದನ್ನು ಹೊಡೆದುಹಾಕಿ "ಸುಳ್ಳು ದಾಖಲೆ ಸೃಷ್ಟಿ" ಎಂದು ತಿದ್ದತಕ್ಕದ್ದು. ವಜಾ ಹಾಗೆಯೇ ಇರತಕ್ಕದ್ದು. ಹವಾಲ್ದಾರನ ಬಗ್ಗೆ ಒಂದಕ್ಷರವಿಲ್ಲ. ತಿದ್ದುಪಡಿ ಕೇಳಿದ್ದ, ತಿದ್ದಿ ಕೊಟ್ಟರು.

ಅಲ್ಲಿಂದ ನೇರ ಆ ಮನೆಗೆ ಹೋದೆವು. ಬಾಗಿಲು ಹಾಕುವ ಮೊದಲೇ ಕಾಗದ ಚಾಚಿದ. ಮುದುಕಿ ಕನ್ನಡಕ ಏರಿಸಿ, ಸಾಲಿನಡಿ ಬೆರಳು ಎಳೆಯುತ್ತಾ ಎರಡು ಸಲ ಓದಿದಳು.

"ಆಸ್ಪತ್ರೇಲಿದ್ದದ್ದು ನಿಜ."

"ಹೌದಮ್ಮ."

"ಹಂಗಾದ್ರೆ ಗುರುವಾರ ಗಾಡಿ ನೋಡಿದ್ದು ಯಾರು?"

"ಯಾರೂ ನೋಡಿಲ್ಲ."

"ನೋಡಿದೀನಿ ಅಂತ ಬರ್ದಿದ್ದೆ."

"ಹೌದು."

"ನನ್ನ ಮಗ?"

"ಹೊರಡು ಅಂದ್ರು, ಹೊರಟ."

ಆಕೆ ಕಾಗದವನ್ನು ಮೊದಲಿದ್ದ ಮಡಿಕೆಯಲ್ಲೇ ಮಡಿಸಿ ಅವನ ಕೈಗಿಟ್ಟು ಬಾಗಿಲು ಹಾಕಿದಳು.

ಸತ್ತವನೂ ಆ ಸೋಮವಾರ ತನ್ನ ಲಾರಿಯ ಪುಸ್ತಕದಲ್ಲಿ ಏಳು ಸಹಿ ಗೀಚಿದ್ದ. ಇವನ ಪಕ್ಕದಲ್ಲೇ ನಿಂತು, ಇವನದೇ ಪೆನ್ನು ಇಸಕೊಂಡು. ಅದು ನನಗೆ ಗೊತ್ತಿತ್ತು, ಅರ್ಜಿ ಬರೆದವನು ನಾನು. ಬೀದಿ ತಿರುಗಿದ ಮೇಲೆ ಕೇಳಿದೆ, "ಅದೊಂದು ಮಾತು ಯಾಕೋ ಹೇಳ್ಲಿಲ್ಲ?"

ಬಗ್ಗಣ್ಣ ಕಾಗದವನ್ನು ಅಂಗಿ ಜೇಬಿಗೆ ತುರುಕಿದ.

"ಆಯಮ್ಮನಿಗೆ ಉಳ್ದಿರೋದು ಆ ಮಗನ ಹೆಸರೊಂದೇ. ಅವನನ್ನೂ ವಜಾ ಮಾಡಿಸ್ಲಾ?"