ತಪತಪಾ ಎಂದು ಕರೆದಳು

ಬಡಿದ ರೊಟ್ಟಿಯನ್ನು ಹಂಚಿಗೆ ಹಾಕಲೆಂದು ಕೈ ನಿಲ್ಲಿಸಿದೆ ಅಷ್ಟೇ, ನನಗೆ ಬೆನ್ನು ಮಾಡಿ ಆಡುತ್ತಿದ್ದ ಮೊಮ್ಮಗಳು ಶಾಂತಾ ಹೊರಳಿ ನನ್ನ ಕೈ ನೋಡಿದಳು. ಇನ್ನೊಂದು ರೊಟ್ಟಿ ಬಡಿದೆ, ನಕ್ಕಳು. ನಿಲ್ಲಿಸಿದೆ, ಮುಖ ಸಣ್ಣದು ಮಾಡಿದಳು. ಮನೆಯವರನ್ನೆಲ್ಲ ಕೂಗಿ ಕರೆದೆ.

ಹುಟ್ಟಿನಿಂದ ಕಿವಿ ಕೇಳದ ಕೂಸು ಅದು. ಹುಬ್ಬಳ್ಳಿಯಲ್ಲಿ ಕಿವಿಗೆ ಮಷಿನ್ ಹಾಕಿಸಿ ನಮ್ಮೂರು ಮುರಗೋಡಕ್ಕೆ ಕರೆತಂದಿದ್ದೆವು. "ಈಗ ಕಿವಿಗೆ ಸಪ್ಪಳ ಹೋಗತೈತ್ರಿ ಆಯಿ. ಆದ್ರ ಅದು ಯಾವುದರ ಸಪ್ಪಳ ಅಂತ ತಲಿ ಇನ್ನ ಕಲೀಬೇಕು" ಎಂದು ಅಲ್ಲಿಯ ಡಾಕ್ಟರ್ ಬಾಯಿಯವರು ಹೇಳಿದ್ದರು. ಕಲಿಸಲು ನಾವೆಲ್ಲ ಅವಳ ಬೆನ್ನ ಹಿಂದೆ ನಿಂತು ಗಂಗಾಳ ಬಡಿದದ್ದೇ ಬಡಿದದ್ದು. ಕೂಸು ಬೆದರಿ ಅಳುತ್ತಿತ್ತೇ ಹೊರತು ಸಪ್ಪಳ ಎಲ್ಲಿಂದ ಬಂತೆಂದು ಒಮ್ಮೆಯೂ ನೋಡಿರಲಿಲ್ಲ. ಇವಳಿಗೆ ಮಾತು ಬರುವುದೇ ಇಲ್ಲವೇನೋ ಎಂದು ಸೊಸೆ ಅನ್ನ ನೀರು ಬಿಟ್ಟಿದ್ದಳು. ರೊಟ್ಟಿ ಬಡಿಯುವ ಸಪ್ಪಳವನ್ನು ಮಾತ್ರ ಯಾರೂ ಕಲಿಸಿರಲಿಲ್ಲ. ದಿನಾ ಮುಂಜಾನೆ ಒಲೆಯ ಮುಂದೆ ಕುಳಿತು, ನನ್ನ ಕೈ ನೋಡುತ್ತಾ ತಾನೇ ಕಲಿತಿದ್ದಳು.

ನಮ್ಮ ಯಜಮಾನರು ಓಡಿ ಬಂದರು. "ನಿಂದ್ರಬ್ಯಾಡ, ಬಡಿ! ಹಿಟ್ಟ ತೀರಿದ್ರ ಗಿರಣಿಗೆ ನಾ ಹೋಗತೇನಿ" ಎಂದರು. ಸೊಸೆ ಅಳುತ್ತಲೇ ನಕ್ಕಳು. ಶಾಂತಾ ನನ್ನ ಹತ್ತಿರ ಬಂದು, ಎರಡೂ ಅಂಗೈಯಿಂದ ನೆಲ ಬಡಿದು, "ತಪತಪಾ" ಎಂದಳು. ಅದೇ ಅವಳ ಮೊದಲ ಮಾತು.

ಈಗ ಸಾಲಿಗೆ ಹೋಗುತ್ತಾಳೆ, ಮಾತಿಗೆ ಬಿಡುವಿಲ್ಲ. ಆದರೆ ನನ್ನನ್ನು ಕರೆಯುವುದು ಇನ್ನೂ ತಪತಪಾ ಎಂದೇ. "ಅಜ್ಜಿಗೆ ಆಯಿ ಅನ್ನು" ಎಂದು ತಿದ್ದಲು ಬಂದವರನ್ನು ನಾನೇ ಗದರಿಸುತ್ತೇನೆ. ಆ ಡಾಕ್ಟರ್ ಬಾಯಿಯವರ ಹೊಟ್ಟೆ ತಣ್ಣಗಿರಲಿ.